ಎರ್ನಿ ಡೇವಿಸ್: ಮೂರು ಋತುಗಳ ಆಟವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಬಯಲುಸೀಮೆಯವ

ಸ್ನೇಹಿತರೇ, ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆಯೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಚರಿತ್ರೆಯಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಎರ್ನಿ ಡೇವಿಸ್ ಅವರ ಹೆಸರು ಬಂದಾಗಲೆಲ್ಲ ಬರೆಯುವವರ ದನಿ ಒದ್ದೆಯಾಗುತ್ತದೆ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ 1961ರಲ್ಲಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ. ಮರುವರ್ಷವೇ ರಕ್ತದ ಕ್ಯಾನ್ಸರ್ ಪತ್ತೆಯಾಯಿತು. ವೃತ್ತಿಪರ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದೆ, 1963ರ ಮೇ 18ರಂದು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು.

ನನ್ನ ಪ್ರಶ್ನೆ ಕಠಿಣವೆನಿಸಿದರೆ ಮನ್ನಿಸಿ. ಆ ಕಾಲದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲವಾದ್ದರಿಂದ ಅವರಿಗೆ ಸಿಕ್ಕಿದ್ದು 1959, 1960 ಮತ್ತು 1961ರ ಮೂರೇ ಋತುಗಳು. ಇಷ್ಟರ ಆಧಾರದ ಮೇಲೆ ಅವರನ್ನು ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಿಸುವುದು ಅವರ ಓಟಕ್ಕೆ ಕೊಟ್ಟ ಮನ್ನಣೆಯೋ, ಅಕಾಲ ಮರಣಕ್ಕೆ ಸುರಿಸಿದ ಕಣ್ಣೀರೋ? ಡೋಕ್ ವಾಕರ್ ಅವರನ್ನು ನೋಡಿ. 1948ರಲ್ಲಿ ಹೈಸ್ಮನ್ ಪಡೆದವರು ಮುಂದೆ ಡೆಟ್ರಾಯಿಟ್ ಲಯನ್ಸ್ ಪರ ಆಡಿ, 1952 ಮತ್ತು 1953ರಲ್ಲಿ ಲೀಗಿನ ಚಾಂಪಿಯನ್ ತಂಡದಲ್ಲಿದ್ದರು. ಕಾಲೇಜಿನಲ್ಲಿ ಗಳಿಸಿದ ಹೆಸರನ್ನು ದೊಡ್ಡವರ ನಡುವೆಯೂ ಉಳಿಸಿಕೊಂಡರು. ಡೇವಿಸ್ ಅವರ ವಿಷಯದಲ್ಲಿ ಅಂಥ ಪರೀಕ್ಷೆಯೇ ನಡೆಯಲಿಲ್ಲ.

ಗಜಲೆಕ್ಕ

ಪ್ರಶ್ನೆ ನ್ಯಾಯವಾದದ್ದೇ, ಆದರೆ ಉತ್ತರ ಲೆಕ್ಕದ ಪುಸ್ತಕದಲ್ಲೇ ಇದೆ ಎಂದು ನನ್ನ ನಂಬಿಕೆ. ಈ ಆಟದ ಪರಿಚಯವಿಲ್ಲದವರಿಗಾಗಿ ಒಂದು ಮಾತು ಮೊದಲು ಹೇಳುತ್ತೇನೆ: ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಚೆಂಡು ನಿಮ್ಮ ಬಳಿಯೇ ಉಳಿಯುತ್ತದೆ, ಇಲ್ಲವಾದರೆ ಎದುರಾಳಿಯ ಪಾಲಾಗುತ್ತದೆ. ಹಾಗಾಗಿ ಚೆಂಡು ಹಿಡಿದು ಓಡುವವನು ಪ್ರತಿ ಸಲ ನಾಲ್ಕು ಗಜ ಗಳಿಸಿದರೆ ತಂಡದ ಸಂಸಾರ ಸಾಗುತ್ತದೆ, ಐದು ಗಳಿಸಿದರೆ ಅವನನ್ನು ಒಳ್ಳೆಯ ಆಟಗಾರ ಎನ್ನುತ್ತಾರೆ.

ಡೇವಿಸ್ 1959ರಲ್ಲಿ 98 ಓಟಗಳಲ್ಲಿ 686 ಗಜ, 1960ರಲ್ಲಿ 112 ಓಟಗಳಲ್ಲಿ 877 ಗಜ, 1961ರಲ್ಲಿ 150 ಓಟಗಳಲ್ಲಿ 823 ಗಜ ಗಳಿಸಿದರು. ಒಟ್ಟು 360 ಓಟಗಳಲ್ಲಿ 2,386 ಗಜ, ಓಟವೊಂದಕ್ಕೆ 6.6 ಗಜ. ಇದೇ ಸಿರಾಕ್ಯೂಸ್‌ನಲ್ಲಿ ಇವರಿಗಿಂತ ಮೊದಲು 44ನೆಯ ಸಂಖ್ಯೆಯ ಅಂಗಿ ತೊಟ್ಟ ಜಿಮ್ ಬ್ರೌನ್, ತಮ್ಮ ಮೂರು ಋತುಗಳಲ್ಲಿ, 361 ಓಟಗಳಿಂದ 2,091 ಗಜ ಗಳಿಸಿದ್ದರು. ಒಂದು ಓಟ ಕಡಿಮೆ ಓಡಿ 295 ಗಜ ಹೆಚ್ಚು ಗಳಿಸಿದ ಮನುಷ್ಯನಿಗೆ ಕಣ್ಣೀರಿನ ಶಿಫಾರಸು ಬೇಕಾಗಿಲ್ಲ. ಈ ಎಲ್ಲವೂ ಅವರು ಆರೋಗ್ಯವಾಗಿದ್ದಾಗ ದಾಖಲಾದ ಅಂಕಿಗಳು. ಆಗ ಯಾರಿಗೂ ಮುಂದಿನದು ಗೊತ್ತಿರಲಿಲ್ಲ.

ಬಯಲುಸೀಮೆಯವ

ಒಂದು ಓಟದ ವ್ಯತ್ಯಾಸ ನನಗೆ ತಿಳಿದಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಆದರೂ ಎರಡು ಆಕ್ಷೇಪಗಳಿವೆ. ಬ್ರೌನ್ 1956ರ ಒಂದೇ ಋತುವಿನಲ್ಲಿ, ಎಂಟು ಪಂದ್ಯಗಳಲ್ಲಿ, 986 ಗಜ ಗಳಿಸಿದ್ದರು. ಡೇವಿಸ್ ಮೂರು ಋತುಗಳ ಮೊತ್ತದಲ್ಲಿ ಅವರನ್ನು ದಾಟಿದರೇ ಹೊರತು ಯಾವ ಒಂದು ಋತುವಿನಲ್ಲೂ ಆ ಎತ್ತರವನ್ನು ಮುಟ್ಟಲಿಲ್ಲ. ಇನ್ನು, 1959ರ ಸಿರಾಕ್ಯೂಸ್ ತಂಡದ ಮುಂಚೂಣಿ ಸಾಮಾನ್ಯವಾದದ್ದಲ್ಲ. ಗಾರ್ಡ್ ರಾಜರ್ ಡೇವಿಸ್ ಅವರಂಥವರು ಎದುರಾಳಿಗಳನ್ನು ಬದಿಗೆ ತಳ್ಳಿ ದಾರಿ ಮಾಡಿಕೊಟ್ಟರೆ ಹಿಂದಿನವನಿಗೆ ಗಜಗಳು ಸಿಗದೆ ಇರುತ್ತವೆಯೇ? ಆ ತಂಡ ಹನ್ನೊಂದಕ್ಕೆ ಹನ್ನೊಂದೂ ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಅದರ ರಕ್ಷಣೆ ಎಷ್ಟು ಗಟ್ಟಿಯಾಗಿತ್ತೆಂದರೆ ಎದುರಾಳಿಗಳು ಪಂದ್ಯವೊಂದಕ್ಕೆ ಸರಾಸರಿ ಇಪ್ಪತ್ತು ಗಜವನ್ನೂ ಓಡಿ ಗಳಿಸಲಾಗಲಿಲ್ಲ. ಅಂಥ ತಂಡದಲ್ಲಿ ಯಾರು ಓಡಿದರೂ ಹೆಸರು ಬರುತ್ತಿತ್ತು.

ಗಜಲೆಕ್ಕ

ಹಾಗಿದ್ದರೆ 1960ರಲ್ಲಿ ಏನಾಯಿತೆಂದು ವಿವರಿಸಿ. ರಾಜರ್ ಡೇವಿಸ್ ಓದು ಮುಗಿಸಿ ಹೊರಟಿದ್ದರು, ತಂಡ ಎರಡು ಪಂದ್ಯ ಸೋತಿತು, ಎದುರಾಳಿಗಳೆಲ್ಲರ ಕಣ್ಣು 44ನೆಯ ಅಂಗಿಯ ಮೇಲೆಯೇ ಇತ್ತು. ಆದರೂ ಡೇವಿಸ್ ಅವರ ಸರಾಸರಿ ಏಳರಿಂದ 7.8 ಗಜಕ್ಕೆ ಏರಿತು. ದಾರಿ ಮಾಡಿಕೊಡುವವರು ಕಡಿಮೆಯಾದಾಗ ಗಜ ಹೆಚ್ಚಿದರೆ, ಆ ಗಜ ಯಾರದು?

ಹಿಮದೂರಿನ ಕನ್ನಡತಿ

ನ್ಯೂಯಾರ್ಕ್ ರಾಜ್ಯದ ಈ ಹಿಮದ ಸೀಮೆಯಲ್ಲಿ ಹದಿನಾರು ವರ್ಷಗಳಿಂದ ವಾಸವಾಗಿರುವುದರಿಂದ ನಾಲ್ಕು ಮಾತು ಸೇರಿಸುತ್ತೇನೆ. ಇಲ್ಲಿ ಡೇವಿಸ್ ಅವರನ್ನು ಮೊದಲು ಊರಿನ ಹುಡುಗನೆಂದು ನೆನೆಯುತ್ತಾರೆ, ಅನಂತರ ಆಟಗಾರನೆಂದು. ಅವರು ಹುಟ್ಟಿದ್ದು 1939ರ ಡಿಸೆಂಬರ್ 14ರಂದು, ಪೆನ್ಸಿಲ್ವೇನಿಯಾದ ನ್ಯೂ ಸೇಲಂನಲ್ಲಿ. ಹುಟ್ಟುವ ಮೊದಲೇ ತಂದೆ ಅಪಘಾತದಲ್ಲಿ ತೀರಿಕೊಂಡಿದ್ದರು. ಯೂನಿಯನ್‌ಟೌನ್‌ನಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದ ತಾತನ ಮನೆಯಲ್ಲಿ ಬೆಳೆದರು. ಚಿಕ್ಕಂದಿನಲ್ಲಿ ಮಾತು ತಡವರಿಸುತ್ತಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯ ಜೊತೆ ಎಲ್ಮೈರಾ ಪಟ್ಟಣಕ್ಕೆ ಬಂದರು. ಅಲ್ಲಿನ ಎಲ್ಮೈರಾ ಫ್ರೀ ಅಕಾಡೆಮಿಯಲ್ಲಿ ಬ್ಯಾಸ್ಕೆಟ್‌ಬಾಲ್ ಕೂಡ ಆಡುತ್ತಿದ್ದರು. ಅವರ ಕಾಲದಲ್ಲಿ ಆ ಶಾಲೆ ಸತತವಾಗಿ 52 ಪಂದ್ಯ ಗೆದ್ದದ್ದನ್ನು ಈಗಲೂ ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ.

ಬಯಲುಸೀಮೆಯವರೇ, ನೀವು ಕೇಳಿದ ಪರೀಕ್ಷೆ 1960ರ ಜನವರಿ 1ರಂದು ಡಲಾಸ್‌ನ ಕಾಟನ್ ಬೌಲ್‌ನಲ್ಲಿ (ಋತು ಮುಗಿದ ಮೇಲೆ ಆಹ್ವಾನಿತ ತಂಡಗಳ ನಡುವೆ ನಡೆಯುವ ಪಂದ್ಯಕ್ಕೆ ಬೌಲ್ ಎನ್ನುತ್ತಾರೆ) ನಡೆಯಿತು ಎಂದು ನನ್ನ ಅಭಿಪ್ರಾಯ. ಎದುರಿಗೆ ಟೆಕ್ಸಸ್ ವಿಶ್ವವಿದ್ಯಾಲಯ, ಅದೂ ಅವರದೇ ರಾಜ್ಯದಲ್ಲಿ. ಡೇವಿಸ್ ಅವರಿಗೆ ತೊಡೆಯ ಹಿಂಭಾಗದ ಸ್ನಾಯು ನೋಯಿಸಿಕೊಂಡು ಪೂರ್ತಿ ವಾಸಿಯಾಗಿರಲಿಲ್ಲ. ಪಂದ್ಯದ ಆರಂಭದಲ್ಲೇ ಗೆರ್ಹಾರ್ಡ್ ಶ್ವೇಡೆಸ್ ಎಸೆದ ಚೆಂಡನ್ನು ಹಿಡಿದು ಟಚ್‌ಡೌನ್ ಮಾಡಿದರು, ಎಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಆರು ಅಂಕ ಗಳಿಸಿದರು. 87 ಗಜಗಳ ಆ ಆಟ ಆ ದಿನಕ್ಕೆ ಕಾಟನ್ ಬೌಲ್‌ನ ದಾಖಲೆ. ಆಮೇಲೆ ಒಂದು ಗಜದ ಓಟದಿಂದ ಇನ್ನೊಂದು ಟಚ್‌ಡೌನ್, ಅದರ ಮೇಲೆ ಎರಡೆರಡು ಅಂಕಗಳ ಎರಡು ಪರಿವರ್ತನೆ (ಟಚ್‌ಡೌನ್ ಆದ ಮೇಲೆ ಸಿಗುವ ಹೆಚ್ಚುವರಿ ಯತ್ನ). ತಂಡ ಗಳಿಸಿದ 23ರಲ್ಲಿ 16 ಅಂಕ ಅವರೊಬ್ಬರದೇ, ಟೆಕ್ಸಸ್ 14ಕ್ಕೆ ನಿಂತಿತು. ಆಗಿನ ನಿಯಮದ ಪ್ರಕಾರ ಆಟಗಾರರನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿರಲಿಲ್ಲವಾದ್ದರಿಂದ ದಾಳಿಗೆ ನಿಂತವರೇ ರಕ್ಷಣೆಗೂ ನಿಲ್ಲಬೇಕಿತ್ತು. ಹಾಗೆ ರಕ್ಷಣೆಗೆ ನಿಂತಾಗ ಟೆಕ್ಸಸ್‌ನ ಎಸೆತವೊಂದನ್ನು ನಡುವೆಯೇ ಹಿಡಿದು ಮೂರನೆಯ ಟಚ್‌ಡೌನ್‌ಗೂ ದಾರಿ ಮಾಡಿದರು.

ಪಂದ್ಯದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಬಂತು. ಆ ರಾತ್ರಿಯ ಔತಣಕೂಟದಲ್ಲಿ ಪ್ರಶಸ್ತಿ ಪಡೆದುಕೊಂಡು ಅವರು ಹೊರಟುಬಿಡಬೇಕೆಂದು ಸೂಚನೆ ಬಂದಿತ್ತು. ಕಪ್ಪು ಜನಾಂಗದವರಿಗೆ ಬಿಳಿಯರ ಜೊತೆ ಅಲ್ಲಿ ಉಳಿಯಲು ಅವಕಾಶವಿರಲಿಲ್ಲ. ಅಂದು ಯಾರು ಯಾರು ಎದ್ದು ನಡೆದರೆಂಬುದನ್ನು ತಂಡದವರು ಬೇರೆ ಬೇರೆ ರೀತಿಯಲ್ಲಿ ನೆನಪಿಸಿಕೊಂಡಿದ್ದಾರೆ, ಸೂಚನೆಯ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಎಡಗೈ ಬೌಲರ್

ಔತಣಕೂಟದ ಸಂಗತಿ ಓದಿ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರ ನೆನಪಾಯಿತು. ದಲಿತ ಕುಟುಂಬದಿಂದ ಬಂದ ಆ ಎಡಗೈ ಸ್ಪಿನ್ನರ್ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರು. ಪುಣೆಯಲ್ಲಿ ಮೈದಾನದೊಳಗೆ ಸವರ್ಣೀಯರ ಜೊತೆ ಆಡುತ್ತಿದ್ದವರಿಗೆ ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಚೆಂಡನ್ನು ಮುಟ್ಟಬಹುದು, ಪಂಕ್ತಿಯಲ್ಲಿ ಕೂರುವಂತಿಲ್ಲ. ಎರಡೂ ಕಡೆ ಅದೇ ನ್ಯಾಯ.

ಗಜಲೆಕ್ಕ

ಎಡಗೈ ಬೌಲರ್ ಅವರೇ, ಸಂಕಟ ಒಂದೇ ಬಗೆಯದು, ಒಪ್ಪುತ್ತೇನೆ. ಆದರೆ ಜಾತಿಯ ಕಥೆಯೂ ವರ್ಣದ ಕಥೆಯೂ ಬೇರೆ ಬೇರೆ ಬೇರುಗಳಿಂದ ಬಂದವು. ಬಾಳೂ ಅವರಿಗೆ ಪ್ರತ್ಯೇಕ ಚರ್ಚೆಯೇ ಬೇಕು, ದಯವಿಟ್ಟು ನೀವೇ ಪ್ರಾರಂಭಿಸಿ. ಇಲ್ಲಿ ಡೇವಿಸ್ ಅವರ ಆಟವನ್ನು ಬಿಟ್ಟು ಹೋಗುವುದು ಬೇಡ.

ಕಿರಿಯ ಓದುಗ

ಹಿರಿಯರಿಗೆ ನಮಸ್ಕಾರ. ಡೇವಿಸ್ ಅವರ ಮೇಲೆ 2008ರಲ್ಲಿ ಬಂದ ಚಲನಚಿತ್ರವನ್ನು ನೋಡಿಯೇ ನನಗೆ ಅವರ ಪರಿಚಯವಾದದ್ದು. ವೆಸ್ಟ್ ವರ್ಜೀನಿಯಾದ ಮೈದಾನದಲ್ಲಿ ಜನ ಅವರ ಮೇಲೆ ಬಾಟಲಿ ಎಸೆದು ಅವಮಾನಿಸುವ ದೃಶ್ಯ ನನ್ನನ್ನು ಬಹಳ ಕಾಡಿತು. ಅಂಥ ಪರಿಸ್ಥಿತಿಯಲ್ಲಿ ಆಡಿದ್ದೇ ದೊಡ್ಡದಲ್ಲವೇ?

ಹಿಮದೂರಿನ ಕನ್ನಡತಿ

ತಮ್ಮಾ, ನೀನು ನೆನೆದ ಆ ದೃಶ್ಯ ನಡೆದದ್ದಲ್ಲ. 1959ರಲ್ಲಿ ವೆಸ್ಟ್ ವರ್ಜೀನಿಯಾ ವಿರುದ್ಧದ ಪಂದ್ಯ ನಡೆದದ್ದು ಸಿರಾಕ್ಯೂಸ್‌ನ ಸ್ವಂತ ಮೈದಾನದಲ್ಲಿ. ಸಿರಾಕ್ಯೂಸ್ 44–0 ಅಂತರದಿಂದ ಗೆದ್ದಿತು. ಚಿತ್ರದವರು ಪಂದ್ಯವನ್ನು ಎದುರಾಳಿಯ ಊರಿಗೆ ಸಾಗಿಸಿ, ನಡೆಯದ ಗಲಭೆಯನ್ನು ನಡೆಸಿದರು. ವೆಸ್ಟ್ ವರ್ಜೀನಿಯಾದ ಜನ ನೊಂದುಕೊಂಡದ್ದು ಸಹಜವೇ. ಡಲಾಸ್‌ನಲ್ಲಿ ನಿಜವಾಗಿ ಆದ ಅವಮಾನವೇ ಸಾಕಷ್ಟು ಭಾರವಾಗಿರುವಾಗ ಇಲ್ಲದ್ದನ್ನು ಸೇರಿಸಿದರೆ, ನಾಳೆ ಯಾರಾದರೂ ಇದ್ದದ್ದನ್ನೂ ಸುಳ್ಳೆನ್ನಲು ದಾರಿಯಾಗುತ್ತದೆ. ನನಗೆ ಆ ಚಿತ್ರದ ಮೇಲೆ ಇರುವ ಸಿಟ್ಟು ಇಷ್ಟೇ.

ಕಿರಿಯ ಓದುಗ

ತಿಳಿದಿರಲಿಲ್ಲ ಅಕ್ಕಾ, ತಿದ್ದಿದ್ದಕ್ಕೆ ಧನ್ಯವಾದಗಳು.

ಎಡಗೈ ಬೌಲರ್

ಆ ಕಾಲದ ನಿಜವಾದ ಹಿಂಸೆಯನ್ನು ತಿಳಿಯಬೇಕಾದರೆ ಕಿರಿಯ ಸ್ನೇಹಿತರು ಜಾನಿ ಬ್ರೈಟ್ ಅವರ ಬಗ್ಗೆ ಓದಬೇಕು. ಡ್ರೇಕ್ ವಿಶ್ವವಿದ್ಯಾಲಯದ ಈ ಓಟಗಾರ 1951ರ ಅಕ್ಟೋಬರ್ 20ರಂದು ಓಕ್ಲಹಾಮಾದ ಸ್ಟಿಲ್‌ವಾಟರ್‌ನಲ್ಲಿ ಆಡುತ್ತಿದ್ದಾಗ, ಚೆಂಡು ಅವರ ಕೈಯಲ್ಲಿ ಇಲ್ಲದಿರುವಾಗಲೇ ಎದುರಾಳಿಯೊಬ್ಬ ದವಡೆಗೆ ಹೊಡೆದು ಮುರಿದ. ಡೆ ಮೊಯಿನ್ ಪತ್ರಿಕೆಯ ಇಬ್ಬರು ಛಾಯಾಗ್ರಾಹಕರು ಅದನ್ನು ಸರಣಿಯಾಗಿ ಸೆರೆಹಿಡಿದರು, ಮರುವರ್ಷ ಆ ಚಿತ್ರಗಳಿಗೆ ಪುಲಿಟ್ಜರ್ ಬಂತು. ಬ್ರೈಟ್ ಅಮೆರಿಕದ ಲೀಗನ್ನೇ ಬಿಟ್ಟು ಕೆನಡಾಕ್ಕೆ ಹೋಗಿ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗಜ ಓಡಿದರು, ಆಮೇಲೆ ಶಾಲೆಯೊಂದರ ಮುಖ್ಯೋಪಾಧ್ಯಾಯರಾದರು. ಆ ಎದುರಾಳಿ ತಂಡದ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2005ರಲ್ಲಿ. ಬ್ರೈಟ್ ಅಷ್ಟರಲ್ಲಿ ತೀರಿಕೊಂಡು ಎರಡು ದಶಕ ಕಳೆದಿತ್ತು.

ಬಯಲುಸೀಮೆಯವ

ಹೈಸ್ಮನ್ ವಿಷಯಕ್ಕೆ ಬರುತ್ತೇನೆ. 1961ರ ಮತದಾನದಲ್ಲಿ ಡೇವಿಸ್ ಅವರಿಗೆ ಬಂದದ್ದು 824 ಅಂಕ, ಒಹಾಯೊ ಸ್ಟೇಟ್‌ನ ಬಾಬ್ ಫರ್ಗುಸನ್ ಅವರಿಗೆ 771. ಕೇವಲ 53 ಅಂಕಗಳ ಅಂತರ. ಗಜಲೆಕ್ಕ ಅವರೇ, ನೀವೇ ಕೊಟ್ಟ ಅಂಕಿಗಳ ಪ್ರಕಾರ 1961 ಡೇವಿಸ್ ಅವರ ಸರಾಸರಿ ಅತ್ಯಂತ ಕೆಳಗಿದ್ದ ಋತು: 150 ಓಟಗಳಿಗೆ 823 ಗಜವೆಂದರೆ 5.5. ಅತ್ಯುತ್ತಮವಾಗಿ ಆಡಿದ ವರ್ಷ ಬಿಟ್ಟು ಸಾಧಾರಣ ವರ್ಷದಲ್ಲಿ ಪ್ರಶಸ್ತಿ ಬಂದದ್ದು ಹೇಗೆ? ಮತದಾರರು ಆಟಕ್ಕಲ್ಲ, ಹೆಸರಿಗೆ ಮತ ಹಾಕಿದರೆಂದು ನನಗೆ ಅನ್ನಿಸುತ್ತದೆ.

ಗಜಲೆಕ್ಕ

ಇದು ನಿಮ್ಮ ಈವರೆಗಿನ ವಾದಗಳಲ್ಲಿ ಗಟ್ಟಿಯಾದದ್ದು. ಮತದಾರರು ಮೂರು ವರ್ಷಗಳನ್ನು ಒಟ್ಟಿಗೆ ತೂಗಿದರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಮತದಾರರು 1956ರಲ್ಲಿ ಏನು ಮಾಡಿದ್ದರೆಂಬುದನ್ನೂ ನೋಡಬೇಕು. ಕೋಲ್‌ಗೇಟ್ ವಿರುದ್ಧ ಒಂದೇ ಪಂದ್ಯದಲ್ಲಿ 43 ಅಂಕ ಗಳಿಸಿದ ಜಿಮ್ ಬ್ರೌನ್ ಅವರನ್ನು ಐದನೆಯ ಸ್ಥಾನಕ್ಕೆ ತಳ್ಳಿ, ಹತ್ತರಲ್ಲಿ ಎಂಟು ಪಂದ್ಯ ಸೋತ ನೋಟರ್ ಡೇಮ್‌ನ ಪಾಲ್ ಹಾರ್ನಂಗ್ ಅವರಿಗೆ ಟ್ರೋಫಿ ಕೊಟ್ಟಿದ್ದರು. ಕಪ್ಪು ಜನಾಂಗದ ಆಟಗಾರನ ಹೆಸರಿಗೆ ಸುಲಭವಾಗಿ ಮತ ಬೀಳುತ್ತಿದ್ದ ಕಾಲ ಅದಾಗಿರಲಿಲ್ಲ. ಐದೇ ವರ್ಷಗಳಲ್ಲಿ ಆ ಮನಸ್ಸುಗಳು ಬದಲಾಗಬೇಕಾದರೆ, ಬದಲಾಗದೆ ಗತ್ಯಂತರವಿಲ್ಲವೆನ್ನುವಷ್ಟು ಆಟ ಅವರ ಕಣ್ಣೆದುರಿಗೆ ನಡೆದಿರಬೇಕು.

ಇನ್ನೊಂದು ಸಣ್ಣ ತಿದ್ದುಪಡಿ: ಆ ಕಾಲದ ಅಧಿಕೃತ ಲೆಕ್ಕದಲ್ಲಿ ಬೌಲ್ ಪಂದ್ಯಗಳ ಗಜಗಳು ಸೇರುತ್ತಿರಲಿಲ್ಲ. 1961ರ ಡಿಸೆಂಬರಿನ ಲಿಬರ್ಟಿ ಬೌಲ್‌ನಲ್ಲಿ ಮಯಾಮಿಯನ್ನು 15–14ರಿಂದ ಸೋಲಿಸಿದಾಗ ಡೇವಿಸ್ 140 ಗಜ ಓಡಿದ್ದರು. ಅದು ಅವರ ಕಾಲೇಜು ಜೀವನದ ಕೊನೆಯ ಪಂದ್ಯ, ಮತ್ತು 823ರ ಹೊರಗೇ ಉಳಿದಿದೆ.

ವೈದ್ಯ ದಾವಣಗೆರೆ

ಕಾಯಿಲೆಯ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. ವೃತ್ತಿಯಿಂದ ನಾನು ವೈದ್ಯ, ಆಟದ ತಜ್ಞನಲ್ಲ.

ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1961ರ ಡಿಸೆಂಬರಿನ ಆಯ್ಕೆಯಲ್ಲಿ ವಾಷಿಂಗ್ಟನ್ ತಂಡ ಡೇವಿಸ್ ಅವರನ್ನು ಮೊದಲಿಗರಾಗಿ ಆರಿಸಿ, ಅವರ ಹಕ್ಕನ್ನು ಕ್ಲೀವ್‌ಲೆಂಡ್ ಬ್ರೌನ್ಸ್‌ಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಬಾಬಿ ಮಿಚೆಲ್ ಅವರನ್ನು ಪಡೆಯಿತು. ಅಲ್ಲಿಯವರೆಗೆ ಕಪ್ಪು ಜನಾಂಗದ ಒಬ್ಬ ಆಟಗಾರನನ್ನೂ ಸೇರಿಸಿಕೊಳ್ಳದಿದ್ದ ತಂಡ ಅದೊಂದೇ. ಆದರೆ ಅವರು ಆಡುತ್ತಿದ್ದ ಕ್ರೀಡಾಂಗಣವಿದ್ದದ್ದು ಒಕ್ಕೂಟ ಸರ್ಕಾರದ ನೆಲದಲ್ಲಿ. ಕೆನಡಿ ಸರ್ಕಾರದ ಆಂತರಿಕ ಇಲಾಖೆಯ ಕಾರ್ಯದರ್ಶಿ ಸ್ಟೂವರ್ಟ್ ಯೂಡಾಲ್ ಅದನ್ನೇ ಹಿಡಿದು ಪಟ್ಟು ಹಾಕಿದ ಮೇಲೆ ಮಾಲೀಕರು ಮಣಿದರು. ಹೀಗೆ ಕ್ಲೀವ್‌ಲೆಂಡ್‌ನಲ್ಲಿ, ಆಗಲೇ ಅಲ್ಲಿ ಆಡುತ್ತಿದ್ದ ಜಿಮ್ ಬ್ರೌನ್ ಮತ್ತು ಡೇವಿಸ್ ಒಟ್ಟಿಗೆ ಆಡುವ ದಿನ ಹತ್ತಿರವಾಗಿತ್ತು.

1962ರ ಬೇಸಿಗೆಯಲ್ಲಿ, ಷಿಕಾಗೊದಲ್ಲಿ ನಡೆಯಬೇಕಿದ್ದ ಕಾಲೇಜು ತಾರೆಯರ ಪಂದ್ಯದ ತಯಾರಿಯಲ್ಲಿದ್ದಾಗ ಅವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಕಂಡದ್ದು ತೀವ್ರ ಲ್ಯುಕೇಮಿಯಾ. ಆ ದಿನಗಳಲ್ಲಿ ಮರ್ಕ್ಯಾಪ್ಟೋಪ್ಯೂರಿನ್‌ನಂಥ ಕೆಲವೇ ಔಷಧಗಳಿದ್ದವು. ಅವು ಕೆಲವರಲ್ಲಿ ಕಾಯಿಲೆಯನ್ನು ಕೆಲವು ವಾರ ಅಥವಾ ತಿಂಗಳುಗಳ ಮಟ್ಟಿಗೆ ಅಡಗಿಸುತ್ತಿದ್ದವು. ವಯಸ್ಕರಲ್ಲಿ ಗುಣಪಡಿಸುವ ಮಾತು ದೂರವೇ ಇತ್ತು. ಡೇವಿಸ್ ಅವರಲ್ಲಿ ಆ ಶರತ್ಕಾಲದಲ್ಲಿ ಕಾಯಿಲೆ ಅಡಗಿತ್ತು. ಅವರು ಅಭ್ಯಾಸ ಮಾಡಿದರು, ಆಡಬೇಕೆಂದು ಬಯಸಿದರು. ಮಾಲೀಕ ಆರ್ಟ್ ಮೊಡೆಲ್ ಆಡಿಸಬೇಕೆಂದರು, ತರಬೇತುದಾರ ಪಾಲ್ ಬ್ರೌನ್ ಒಪ್ಪಲಿಲ್ಲ. 1963ರ ಜನವರಿಯಲ್ಲಿ ಮೊಡೆಲ್ ಅವರು ಪಾಲ್ ಬ್ರೌನ್ ಅವರನ್ನು ಕೆಲಸದಿಂದ ತೆಗೆದದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಜಗಳ ಆ ಬಿರುಕನ್ನು ಅಗಲಿಸಿತು.

ವೈದ್ಯನಾಗಿ ನಾನು ಪಾಲ್ ಬ್ರೌನ್ ಅವರ ಪಕ್ಷ. ರಕ್ತ ಹೆಪ್ಪುಗಟ್ಟುವ ಶಕ್ತಿ ಯಾವ ದಿನ ಕುಸಿಯುತ್ತದೆಂದು ಹೇಳಲಾಗದ ಕಾಯಿಲೆಯಲ್ಲಿ, ಮೈಗೆ ಮೈ ಅಪ್ಪಳಿಸುವ ಆಟಕ್ಕೆ ಯುವಕನನ್ನು ಇಳಿಸುವುದು ನನ್ನಿಂದಂತೂ ಆಗುತ್ತಿರಲಿಲ್ಲ.

ಹಿಮದೂರಿನ ಕನ್ನಡತಿ

ಡಾಕ್ಟ್ರೇ, ನಿಮ್ಮ ಮಾತನ್ನು ಗೌರವಿಸುತ್ತೇನೆ, ಆದರೂ ಒಪ್ಪಲಾರೆ. ತನ್ನ ಕಾಯಿಲೆ ಏನೆಂದು ಆ ಅಕ್ಟೋಬರಿನಲ್ಲಿ ಅವರಿಗೆ ತಿಳಿಸಲಾಗಿತ್ತು. ಉಳಿದಿರುವ ದಿನಗಳು ಕಡಿಮೆ ಎಂದು ಬಲ್ಲ ವಯಸ್ಕನಿಗೆ, ತಾನು ಬಾಲ್ಯದಿಂದ ತಯಾರಾದ ಒಂದೇ ಒಂದು ಪಂದ್ಯವನ್ನು ಆಡುವ ಆಯ್ಕೆ ಬೇಡವೇ? ಅವರ ಹೆಸರು ಕರೆದು, ಬೆಳಕು ಹಾಯಿಸಿ, ಕ್ಲೀವ್‌ಲೆಂಡ್‌ನ ಮೈದಾನದಲ್ಲಿ ಒಂದು ಸಲ ಪರಿಚಯಿಸಿದ್ದರು. ಅಷ್ಟೇ ಅವರಿಗೆ ಸಿಕ್ಕಿದ್ದು. 45ನೆಯ ಸಂಖ್ಯೆಯ ಅಂಗಿಯನ್ನು ಆ ತಂಡ ಮತ್ತೆ ಯಾರಿಗೂ ಕೊಡಲಿಲ್ಲ.

ವೈದ್ಯ ದಾವಣಗೆರೆ

ತಾಯಿ, ನೀವು ಕೇಳಿದ್ದನ್ನೇ ನನ್ನ ರೋಗಿಗಳೂ ಬೇರೆ ಬೇರೆ ರೂಪದಲ್ಲಿ ಕೇಳುತ್ತಾರೆ. ನನ್ನ ನಿಲುವು ಬದಲಾಗಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವೂ ಇಲ್ಲ.

ಗಜಲೆಕ್ಕ

ಬಯಲುಸೀಮೆಯವರ ಮೊದಲ ಪ್ರಶ್ನೆಯಲ್ಲಿದ್ದ ಕಣ್ಣೀರಿನ ಮಾತಿಗೆ ಡೇವಿಸ್ ಅವರೇ ಉತ್ತರ ಕೊಟ್ಟಿದ್ದಾರೆ. ಸಾಯುವುದಕ್ಕೆ ಎರಡು ತಿಂಗಳಿಗೂ ಕಡಿಮೆ ಇರುವಾಗ, 1963ರ ಮಾರ್ಚ್‌ನಲ್ಲಿ, ವಾರಪತ್ರಿಕೆಯೊಂದರಲ್ಲಿ ಅವರ ಬರಹ ಬಂತು. ತನ್ನನ್ನು ತಾನು ದುರದೃಷ್ಟವಂತನೆಂದು ಕರೆದುಕೊಳ್ಳಲಾರೆ, ಬಹಳ ಜನರಿಗೆ ಇಡೀ ಜೀವಮಾನದಲ್ಲಿ ಸಿಗದಷ್ಟು ತನಗೆ ಇಪ್ಪತ್ತಮೂರು ವರ್ಷಗಳಲ್ಲಿ ಸಿಕ್ಕಿದೆ ಎಂಬುದು ಅದರ ಸಾರ. ಅವರೇ ಬೇಡವೆಂದ ಕನಿಕರವನ್ನು ಅವರ ದಾಖಲೆಗಳ ಮೇಲೆ ಹೊದಿಸಿ, ಆಮೇಲೆ ದಾಖಲೆಗಳು ಕಾಣುತ್ತಿಲ್ಲವೆಂದು ದೂರುವುದು ಅವರಿಗೆ ಎರಡು ಸಲ ಮಾಡುವ ಅನ್ಯಾಯ. 1960ರ ಡೇವಿಸ್ ಅವರನ್ನು ಸಾವಿನ ಸುದ್ದಿ ಮರೆತು ನೋಡಿ.

ಬಯಲುಸೀಮೆಯವ

ನಿನ್ನೆ ರಾತ್ರಿ ಕೂತು 1960ರ ಅಂಕಿಗಳನ್ನು ಮತ್ತೊಮ್ಮೆ ನೋಡಿದೆ. ಬೌಲ್ ಪಂದ್ಯವಿಲ್ಲದ, ಎರಡು ಸೋಲುಗಳ, ಯಾರೂ ಹೆಚ್ಚು ನೆನೆಯದ ಆ ಋತುವಿನಲ್ಲೇ ಅವರು ಅತ್ಯುತ್ತಮವಾಗಿ ಆಡಿದ್ದಾರೆಂಬುದನ್ನು ಒಪ್ಪುತ್ತೇನೆ. ಕಣ್ಣೀರಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಜಿಮ್ ಬ್ರೌನ್ ಅವರಿಗಿಂತ ದೊಡ್ಡ ಆಟಗಾರ ಎಂಬುದನ್ನು ಈಗಲೂ ಒಪ್ಪುವುದಿಲ್ಲ.

ಗಜಲೆಕ್ಕ

ಅಷ್ಟನ್ನು ನಾನೂ ಹೇಳಿರಲಿಲ್ಲ. ಸಿರಾಕ್ಯೂಸ್‌ನ ಮೂರು ಋತುಗಳ ಮಟ್ಟಿಗೆ ಸಮಾನರು, ಅಷ್ಟೇ.

ಕಿರಿಯ ಓದುಗ

ಅಕ್ಕಾ, ಎಲ್ಮೈರಾದಲ್ಲಿ ಅವರ ನೆನಪಿಗೆ ಏನಾದರೂ ಇದೆಯೇ? ಮುಂದಿನ ವರ್ಷ ಓದಲು ಆ ಕಡೆ ಬರುವ ಆಸೆಯಿದೆ.

ಹಿಮದೂರಿನ ಕನ್ನಡತಿ

ಖಂಡಿತ ಬಾ. ಅವರ ಹೆಸರಿನ ಶಾಲೆ ಇದೆ, ಪ್ರತಿಮೆ ಇದೆ. ವುಡ್‌ಲಾನ್ ಸ್ಮಶಾನದಲ್ಲಿ ಸಮಾಧಿ ಇದೆ. ಮಾರ್ಕ್ ಟ್ವೇನ್ ಅವರ ಸಮಾಧಿಯೂ ಅಲ್ಲಿಯೇ. ನಾವು ಹೋದದ್ದು ಮೇ ತಿಂಗಳಲ್ಲಿ, ಟ್ವೇನ್ ಅವರನ್ನು ನೋಡುವುದಕ್ಕೆಂದು. ಸಣ್ಣ ಕಲ್ಲಿನ ಮೇಲೆ ಯಾರೋ ಆಗ ತಾನೇ ಇಟ್ಟು ಹೋದ ಚೆಂಡೊಂದು ಕಂಡಿತು, ಹತ್ತಿರ ಹೋದಾಗ ಡೇವಿಸ್ ಅವರ ಹೆಸರು. ಆ ದಿನದಿಂದಲೇ ನಾನು ಅವರ ಬಗ್ಗೆ ಓದಲು ಪ್ರಾರಂಭಿಸಿದ್ದು.

ಫ್ಲಾಯ್ಡ್ ಲಿಟಲ್ ಅವರ ಸಂಗತಿಯನ್ನೂ ತಿಳಿದುಕೋ. ಸಿರಾಕ್ಯೂಸ್‌ಗೆ ಬರುವಂತೆ ಆ ಹುಡುಗನನ್ನು ಒಪ್ಪಿಸಲು ಹೋದವರು ಡೇವಿಸ್. ತಮ್ಮ ಕಾಯಿಲೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಡೇವಿಸ್ ತೀರಿಕೊಂಡ ಸುದ್ದಿ ಕೇಳಿದ ಮೇಲೆ ಲಿಟಲ್ ತಾನು ಬರುತ್ತೇನೆಂದು ವಿಶ್ವವಿದ್ಯಾಲಯಕ್ಕೆ ತಿಳಿಸಿ, ಅದೇ 44ನೆಯ ಅಂಗಿ ತೊಟ್ಟು ಆಡಿದರು. 2005ರಲ್ಲಿ ಆ ಸಂಖ್ಯೆಯನ್ನು ವಿಶ್ವವಿದ್ಯಾಲಯ ಎತ್ತಿಟ್ಟಿತು. ನನ್ನ ಮಗನಿಗೆ ಪ್ರವೇಶದ ಪತ್ರ ಬಂದಾಗ ಲಕೋಟೆಯ ಮೇಲಿದ್ದ ಪಿನ್ ಕೋಡ್ ನೋಡಿದೆ: 13244.

ಕಿರಿಯ ಓದುಗ

ಕೊನೆಯ 44 ಬೇಕೆಂದೇ ಇಟ್ಟದ್ದೇ?

ಹಿಮದೂರಿನ ಕನ್ನಡತಿ

ಹೌದು, ವಿಶ್ವವಿದ್ಯಾಲಯ ಕೇಳಿ ಪಡೆದದ್ದು. ಅಲ್ಲಿಯ ದೂರವಾಣಿ ಸಂಖ್ಯೆಗಳು ಕೂಡ 443ರಿಂದಲೇ ಪ್ರಾರಂಭವಾಗುತ್ತವೆ.